ರಾತ್ರಿಗೊಂದು ಗಲ್ಲು



ನೇಪಥ್ಯದಲ್ಲಿ ದುಡಿದವರ ನೆನಪಿಗೆ ಇಟ್ಟ ದತ್ತಿ ಇದು. ಪೋಸ್ಟರಿನಲ್ಲಿ ಹೆಸರು ಬಾರದವರ ಕೆಲಸದ ಬಗ್ಗೆ ವರ್ಷಕ್ಕೊಮ್ಮೆಯಾದರೂ ಯಾರಾದರೂ ಬಾಯಿ ಬಿಟ್ಟು ಮಾತಾಡಲಿ ಎಂಬುದು ದಾನಿಗಳ ಆಸೆ. ನಾನು ಮೂವತ್ತು ವರ್ಷ ನಾಟಕಗಳಿಗೆ ಪ್ರಾಪರ್ಟಿ ಮಾಡಿಕೊಟ್ಟವನು. ಕತ್ತಿ, ಕಿರೀಟ, ಕಡಿದ ತಲೆ, ಕೂತೊಡನೆ ಮುರಿದುಬೀಳುವ ಕುರ್ಚಿ ಇವೇ ನನ್ನ ಬದುಕು. ಅಂಥವನು ಇವತ್ತು ಅಮೆರಿಕದ ರಾಕ್ ತಂಡವೊಂದರ ಬಗ್ಗೆ ಮಾತಾಡುವುದೇಕೆ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರು ಫೋನಿನಲ್ಲಿ ಕೇಳಿದರು. ಅದಕ್ಕೆ ಉತ್ತರವಾಗಿ ಮೊದಲು ಒಂದು ಸಂಜೆಯ ಸಂಗತಿ ಹೇಳುತ್ತೇನೆ.

ನಾವು ಆಡುತ್ತಿದ್ದ ಒಂದು ನಾಟಕದ ಕೊನೆಯ ದೃಶ್ಯ ನೇಣು. ನಟನ ಅಂಗಿಯೊಳಗೆ ಎದೆ, ಭುಜ, ತೊಡೆಗಳನ್ನು ಬಳಸಿ ಅಗಲವಾದ ಕ್ಯಾನ್ವಾಸ್ ಪಟ್ಟಿ ಕಟ್ಟಿರುತ್ತಿದ್ದೆವು. ಬೆನ್ನಿನಲ್ಲಿ ಅದಕ್ಕೊಂದು ಕಬ್ಬಿಣದ ಬಳೆ. ಮೇಲಿನ ತೊಲೆಯಿಂದ ಇಳಿಬಿಟ್ಟ ಕಪ್ಪು ಹಗ್ಗದ ಕೊಕ್ಕೆ ಆ ಬಳೆಗೆ ಕೂತರೆ ಮೈಭಾರವೆಲ್ಲ ಬೆನ್ನಿನ ಮೇಲೆ. ಕೊರಳಿನ ಕುಣಿಕೆ ಬರೀ ತೋರಿಕೆಗೆ. ಅವತ್ತು ಕತ್ತಲಲ್ಲಿ ಕೊಕ್ಕೆ ಸಿಕ್ಕಿಸಿದವನು ನಾನೇ. ಅದು ಅರ್ಧ ಮಾತ್ರ ಕೂತಿತ್ತು. ಮಣೆ ಸರಿಯುವುದಕ್ಕೆ ಒಂದು ಗಳಿಗೆ ಮುಂಚೆ, ಕಾವಲುಗಾರನ ವೇಷದಲ್ಲಿದ್ದ ಒಬ್ಬ ಹುಡುಗ ಅದನ್ನು ಗಮನಿಸಿ, ಕೈದಿಯ ಬೆನ್ನಿಗೆ ಗುದ್ದುವವನ ಹಾಗೆ ಕೊಕ್ಕೆಯನ್ನು ಒಳಕ್ಕೆ ಒತ್ತಿದ. ಸಭಿಕರಿಗೆ ಏನೂ ತಿಳಿಯಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು. ನಾನು ವಿಂಗಿನ ಹಿಂದೆ ನೆಲಕ್ಕೆ ಕುಸಿದು ಕೂತೆ.

ಆಮೇಲೆ ಎಷ್ಟೋ ದಿನ, ರಂಗದ ಮೇಲೆ ಸಾಯುವುದನ್ನು ದಿನದ ಕೆಲಸ ಮಾಡಿಕೊಂಡವರು ಯಾರ್‍ಯಾರು, ಅವರು ಅದನ್ನು ಹೇಗೆ ನಡೆಸುತ್ತಾರೆ ಎಂದು ಹುಡುಕಿ ಓದಿದೆ. ಹಾಗೆ ಸಿಕ್ಕಿದವರು ಆಲಿಸ್ ಕೂಪರ್. ಇವತ್ತು ಆ ಹೆಸರು ಕೇಳಿದವರಿಗೆ ಕಣ್ಣಿನ ಸುತ್ತ ಕಾಡಿಗೆ ಬಳಿದುಕೊಂಡ ಒಬ್ಬ ಗಾಯಕ ನೆನಪಾಗುತ್ತಾನೆ. ನಾನು ಹೇಳುವ ಕಾಲಕ್ಕೆ ಅದು ಐದು ಜನರ ತಂಡದ ಹೆಸರು. ಹಾಡುವವನು ವಿನ್ಸೆಂಟ್ ಫರ್ನಿಯರ್. ಗಿಟಾರಿಗೆ ಗ್ಲೆನ್ ಬಕ್ಸ್‌ಟನ್ ಮತ್ತು ಮೈಕಲ್ ಬ್ರೂಸ್, ಬೇಸ್ ಗಿಟಾರಿಗೆ ಡೆನಿಸ್ ಡನ್‌ಅವೇ, ಡ್ರಮ್ಮಿಗೆ ನೀಲ್ ಸ್ಮಿತ್. ಅವರು ಪರತಂಡಗಳ ಬಾಲವಾಗಿ ಹಾಡುವುದನ್ನು ಬಿಟ್ಟು, ತಮ್ಮದೇ ಹೆಸರಿನಲ್ಲಿ ಟಿಕೆಟ್ ಮಾರಿ ಊರೂರು ಸುತ್ತತೊಡಗಿದ 1971ರ ಪ್ರವಾಸ, ಮತ್ತು ಅದರಿಂದ ಹುಟ್ಟಿದ ಎರಡು ವರ್ಷಗಳ ಸಂಗತಿಗಳು ನನ್ನ ಇವತ್ತಿನ ವಿಷಯ.

ರಾಕ್ ಸಂಗೀತದ ಲೋಕದಲ್ಲಿ ಒಂದೇ ಸಂಜೆ ಎರಡು ಮೂರು ತಂಡ ಹಾಡುವುದುಂಟು. ಜನ ದುಡ್ಡು ಕೊಟ್ಟು ಬರುವುದು ಕೊನೆಗೆ ಹಾಡುವವರಿಗಾಗಿ. ಅವರ ಹೆಸರು ಪೋಸ್ಟರಿನ ಮೇಲ್ಸಾಲಿನಲ್ಲಿ, ದಪ್ಪಕ್ಷರದಲ್ಲಿ. ಅವರೇ ಹೆಡ್‌ಲೈನರ್. ಮೊದಲು ಹಾಡುವ ಓಪನಿಂಗ್ ತಂಡಕ್ಕೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಹಿಂದೆ ದೊಡ್ಡ ತಂಡದ ಡ್ರಮ್ಮು, ಸ್ಪೀಕರುಗಳು ಬಟ್ಟೆ ಹೊದ್ದು ನಿಂತಿರುತ್ತವೆ. ಅವುಗಳ ಮುಂದೆ ಉಳಿದ ಜಾಗದಲ್ಲೇ ನಿಂತು ಹಾಡಬೇಕು. ಬೆಳಕು ಅವರ ಕೈಯಲ್ಲಿ ಇರುವುದಿಲ್ಲ, ರಂಗದ ಮೇಲೆ ಮರದ ಚೌಕಟ್ಟು ನಿಲ್ಲಿಸಲು ಯಾರೂ ಬಿಡುವುದಿಲ್ಲ, ಹಾಡು ಮುಗಿದೊಡನೆ ಸಾಮಾನು ಹೊತ್ತು ಇಳಿಯಬೇಕು. ನಾಟಕದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಬ್ಬರ ಸೀನರಿಯ ಮುಂದೆ ನಿಂತು ನಮ್ಮ ನಾಟಕ ಆಡಲಾದೀತೇ?

ಅರ್ಧ ಗಂಟೆಯಲ್ಲಿ ಜನರನ್ನು ಬೆಚ್ಚಿಬೀಳಿಸಬಹುದು. ಕಥೆ ಕಟ್ಟಲಾಗದು. ಈ ಐವರಿಗೆ ಇಡೀ ರಾತ್ರಿ ಕೈಗೆ ಬಂದ ಮೇಲೆ ಅವರ ಬೆಚ್ಚಿಸುವಿಕೆಗೆ ಒಂದು ಕಥೆ ಬೇಕಾಯಿತು, ಕಥೆಗೆ ಕೊನೆ ಬೇಕಾಯಿತು, ಆ ಕೊನೆಯನ್ನು ಹುಡುಕಿಕೊಂಡು ಅವರು ಗಲ್ಲಿಗೆ ಬಂದರು. ಶಾಕ್ ರಾಕ್ ಎಂದು ಮುಂದೆ ಹೆಸರಾದ ಪ್ರಕಾರ ರಂಗಕಲೆಯಾದದ್ದು ಹೀಗೆ ಎಂಬುದು ನನ್ನ ತಿಳಿವಳಿಕೆ.

ಬೆಚ್ಚಿಸುವುದನ್ನು ಇವರೇ ಮೊದಲು ಮಾಡಿದ್ದಲ್ಲ. 1950ರ ದಶಕದಲ್ಲಿ ಸ್ಕ್ರೀಮಿಂಗ್ ಜೇ ಹಾಕಿನ್ಸ್ ಎಂಬ ಕಪ್ಪು ಗಾಯಕ ಶವಪೆಟ್ಟಿಗೆಯಿಂದ ಎದ್ದುಬಂದು ಹಾಡುತ್ತಿದ್ದ. ಇಂಗ್ಲೆಂಡಿನ ಆರ್ಥರ್ ಬ್ರೌನ್ 1968ರಲ್ಲಿ ತಲೆಯ ಮೇಲೆ ಉರಿಯುವ ಕಿರೀಟ ಹೊತ್ತು ಹಾಡಿದ. ಇನ್ನೂ ಹಿಂದಕ್ಕೆ ಹೋದರೆ ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್ ರಂಗಮಂದಿರವಿದೆ. 1897ರಿಂದ 1962ರವರೆಗೆ ಅಲ್ಲಿ ಕೊಲೆ, ಹುಚ್ಚು, ರಕ್ತಗಳ ಕಿರುನಾಟಕಗಳನ್ನೇ ಆಡಿದರು. ಸುಳ್ಳು ರಕ್ತ ತಯಾರಿಸುವುದರಲ್ಲಿ ಅವರಷ್ಟು ಪಳಗಿದವರು ಇರಲಿಲ್ಲ.

ನಮ್ಮ ಐವರಲ್ಲಿ ಹೆಚ್ಚಿನವರು ಅರಿಜೋನಾದ ಫೀನಿಕ್ಸ್ ಊರಿನ ಹೈಸ್ಕೂಲು ಹುಡುಗರು. ಶಾಲೆಯ ಪ್ರತಿಭಾ ಪ್ರದರ್ಶನದಲ್ಲಿ ಬೀಟಲ್ಸ್ ಹಾಡಿಗೆ ಬಾಯಾಡಿಸುತ್ತ 1964ರಲ್ಲಿ ಶುರುಮಾಡಿದರು. ಹೆಸರು ಎರಡು ಮೂರು ಸಲ ಬದಲಾಗಿ 1968ರಲ್ಲಿ ಆಲಿಸ್ ಕೂಪರ್ ಎಂದು ನಿಂತಿತು. ಲಾಸ್ ಏಂಜಲೀಸಿಗೆ ಹೋದಾಗ ಹಾಡು ಕೇಳಿಸಲು ಸಂಗೀತಗಾರ ಫ್ರಾಂಕ್ ಝಾಪಾ ಏಳು ಗಂಟೆಗೆ ಬನ್ನಿ ಎಂದಿದ್ದರಂತೆ. ಇವರು ಬೆಳಿಗ್ಗೆ ಏಳಕ್ಕೇ ವಾದ್ಯಗಳೊಂದಿಗೆ ಅವರ ಮನೆಗೆ ಹೋಗಿ ಬಾರಿಸತೊಡಗಿದರು. ಝಾಪಾ ತಮ್ಮ ಕಂಪನಿಗೆ ಸೇರಿಸಿಕೊಂಡರು. ಎರಡು ಆಲ್ಬಮ್ ಬಂದವು, ಎರಡೂ ಓಡಲಿಲ್ಲ. ವೆನಿಸ್ ಬೀಚಿನ ಚೀಟಾ ಎಂಬ ಕ್ಲಬ್ಬಿನಲ್ಲಿ ಇವರು ಹಾಡಲು ನಿಂತ ಸ್ವಲ್ಪ ಹೊತ್ತಿಗೆ ಸಭಾಂಗಣ ಖಾಲಿಯಾಯಿತು. ಉಳಿದ ಕೆಲವರಲ್ಲಿ ಶೆಪ್ ಗಾರ್ಡನ್ ಎಂಬ ತರುಣನೊಬ್ಬನಿದ್ದ. ಇಷ್ಟು ಜನರನ್ನು ಇಷ್ಟು ಬೇಗ ಎಬ್ಬಿಸಿ ಓಡಿಸಬಲ್ಲವರಲ್ಲಿ ಏನೋ ಶಕ್ತಿ ಇರಲೇಬೇಕು ಎಂದು ಅವನಿಗೆ ಅನ್ನಿಸಿತು. ಮುಂದೆ ಅವನೇ ಇವರ ಮ್ಯಾನೇಜರ್.

1969ರ ಸೆಪ್ಟೆಂಬರ್ 13ರಂದು ಕೆನಡಾದ ಟೊರಾಂಟೊದಲ್ಲಿ ಒಂದು ದೊಡ್ಡ ಸಂಗೀತ ಮೇಳ. ಚಕ್ ಬೆರಿ, ಲಿಟಲ್ ರಿಚರ್ಡ್ ಹಾಡಿದ, ಜಾನ್ ಲೆನನ್ ತನ್ನ ಹೊಸ ತಂಡದೊಂದಿಗೆ ಬಂದ ಮೇಳ ಅದು. ಆಲಿಸ್ ಕೂಪರ್ ತಂಡ ಆ ದಿನ ದಿಂಬು ಹರಿದು ಗರಿಗಳನ್ನು ಗಾಳಿಗೆ ತೂರುತ್ತಿದ್ದಾಗ ರಂಗದ ಮೇಲೆ ಎಲ್ಲಿಂದಲೋ ಒಂದು ಜೀವಂತ ಕೋಳಿ ಕಾಣಿಸಿತು. ರೆಕ್ಕೆ ಇದೆಯಲ್ಲ, ಹಾರೀತು ಎಂದು ಫರ್ನಿಯರ್ ಅದನ್ನೆತ್ತಿ ಜನರತ್ತ ಎಸೆದ. ಅದು ಹಾರಲಿಲ್ಲ, ಬಿತ್ತು. ಮುಂದಿನ ಸಾಲಿನವರು ಅದನ್ನು ಹರಿದು ಚೂರು ಚೂರು ಮಾಡಿ ವಾಪಸು ಎಸೆದರು. ಮಾರನೆಯ ದಿನದ ಪತ್ರಿಕೆಗಳಲ್ಲಿ, ಗಾಯಕ ಕೋಳಿಯ ತಲೆ ಕಚ್ಚಿ ರಕ್ತ ಕುಡಿದ ಎಂಬ ಸುದ್ದಿ. ಝಾಪಾ ಫೋನು ಮಾಡಿ ವಿಚಾರಿಸಿದರು. ಮಾಡಿಲ್ಲ ಎಂದ. ಹಾಗಾದರೆ ಆ ಮಾತನ್ನು ಯಾರಿಗೂ ಹೇಳಬೇಡ ಎಂದರು.

ಈ ಪ್ರಸಂಗವನ್ನು ನಗುತ್ತ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ನಗು ಬರುವುದಿಲ್ಲ. ಒಂದು ಜೀವ ಹೋಯಿತು. ಅದಕ್ಕಿಂತ, ಆ ಗಳಿಗೆ ಯಾರ ಕೈಯಲ್ಲೂ ಇರಲಿಲ್ಲ. ತಾಲೀಮಿಲ್ಲ, ಮುನ್ಯೋಚನೆಯಿಲ್ಲ, ಕೊನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಅರಿವಿಲ್ಲ. ರಂಗದ ಮೇಲಿನ ಕ್ರೌರ್ಯ ಕೆಳಗೆ ಕೂತವರ ಕೈಗೆ ದಾಟಿದ್ದು ಹಾಗೆ. ಮುಂದಿನ ನಾಲ್ಕು ವರ್ಷ ಈ ತಂಡ ಮಾಡಿದ್ದೆಲ್ಲ, ಆ ಸಂಜೆ ಕೈಮೀರಿದ್ದನ್ನು ಮತ್ತೆ ಕೈಯೊಳಗೆ ತಂದುಕೊಳ್ಳುವ ಕೆಲಸ ಎಂದು ನಾನು ಓದಿಕೊಳ್ಳುತ್ತೇನೆ.

1970ರಲ್ಲಿ ಅವರು ಲಾಸ್ ಏಂಜಲೀಸ್ ಬಿಟ್ಟು ಡೆಟ್ರಾಯಿಟ್ ಹತ್ತಿರದ ಪಾಂಟಿಯಾಕ್‌ಗೆ ಬಂದು ಒಂದು ಹಳೆಯ ಮನೆಯಲ್ಲಿ ಬೀಡುಬಿಟ್ಟರು. ಕಾರು ಕಾರ್ಖಾನೆಗಳ ನಾಡು. ಗಟ್ಟಿ ಸದ್ದಿನ ಸಂಗೀತಕ್ಕೆ ಅಲ್ಲಿನ ಜನ ಹೆದರುವವರಲ್ಲ. ಟೊರಾಂಟೊದಿಂದ ಬಾಬ್ ಎಜ್ರಿನ್ ಎಂಬ ಇಪ್ಪತ್ತೊಂದರ ತರುಣ ನಿರ್ಮಾಪಕ ಬಂದು ಇವರೊಂದಿಗೆ ಕೂತ. ಉದ್ದುದ್ದಕ್ಕೆ ಹರಿಯುತ್ತಿದ್ದ ಒಂದು ಹಾಡನ್ನು ದಿನಗಟ್ಟಲೆ ಕತ್ತರಿಸಿ, ಒಪ್ಪಮಾಡಿ, ಮೂರು ನಿಮಿಷಕ್ಕೆ ಇಳಿಸಿದ. ಅದು ‘ಐ ಆಮ್ ಏಯ್ಟೀನ್’. 1970ರ ನವೆಂಬರಿನಲ್ಲಿ ಹೊರಬಂತು. ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿದ್ದ ಸಿಕೆಎಲ್‌ಡಬ್ಲ್ಯೂ ರೇಡಿಯೊ ಅದನ್ನು ಹಾಕಿತು. ಹಾಡು ಬಿಲ್‌ಬೋರ್ಡ್ ಪಟ್ಟಿಯ 21ನೆಯ ಜಾಗದವರೆಗೆ ಏರಿತು. 1971ರ ಮಾರ್ಚಿನಲ್ಲಿ ‘ಲವ್ ಇಟ್ ಟು ಡೆತ್’ ಆಲ್ಬಮ್ ಬಂತು.

ಹದಿನೆಂಟು ಎಂಬ ವಯಸ್ಸು ಆಗಿನ ಅಮೆರಿಕದಲ್ಲಿ ಏನು ಎಂಬುದನ್ನು ಇಲ್ಲಿ ಹೇಳಲೇಬೇಕು. ಹದಿನೆಂಟು ತುಂಬಿದ ಹುಡುಗನನ್ನು ಸರ್ಕಾರ ವಿಯೆಟ್ನಾಂ ಯುದ್ಧಕ್ಕೆ ಕರೆಯಬಹುದಿತ್ತು. ಆದರೆ ಯುದ್ಧ ಬೇಕೆ ಬೇಡವೆ ಎಂದು ತೀರ್ಮಾನಿಸುವವರಿಗೆ ಓಟು ಹಾಕಲು ಹೆಚ್ಚಿನ ರಾಜ್ಯಗಳಲ್ಲಿ ಇಪ್ಪತ್ತೊಂದು ಆಗಬೇಕಿತ್ತು. ಸಾಯುವ ವಯಸ್ಸು ಮೊದಲು, ಓಟಿನ ವಯಸ್ಸು ಆಮೇಲೆ. ಈ ಹಾಡು ರೇಡಿಯೊದಲ್ಲಿ ಓಡುತ್ತಿದ್ದ 1971ರ ಮಾರ್ಚಿನಲ್ಲೇ ಅಮೆರಿಕದ ಸಂಸತ್ತು ಮತದಾನದ ವಯಸ್ಸನ್ನು ಹದಿನೆಂಟಕ್ಕೆ ಇಳಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಜುಲೈ ಹೊತ್ತಿಗೆ ಅದು ಸಂವಿಧಾನದ 26ನೆಯ ತಿದ್ದುಪಡಿಯಾಯಿತು. ಹಾಡಿನಿಂದ ಕಾನೂನು ಬದಲಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಅತ್ತ ಹುಡುಗನೂ ಅಲ್ಲದ ಇತ್ತ ಗಂಡಸೂ ಅಲ್ಲದ ವಯಸ್ಸಿನ ಆ ಗೊಂದಲವನ್ನು ಹೊತ್ತ ಮಕ್ಕಳೇ ಈ ತಂಡದ ಟಿಕೆಟ್ ಕೊಂಡವರು.

ಹೀಗೆ 1971ರಲ್ಲಿ ಮೇಲ್ಸಾಲು ಸಿಕ್ಕಿತು. ಇಂಥ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗುವಂಥದಲ್ಲ. ಹಾಡು ಓಡಿದ ಊರಿನಲ್ಲಿ ಮರ್ಯಾದೆ, ಓಡದ ಊರಿನಲ್ಲಿ ಮತ್ತೆ ಹಳೆಯ ಜಾಗ. ಆದರೂ ರಂಗ ತಮ್ಮದಾದ ರಾತ್ರಿಗಳಲ್ಲಿ ಅವರು ಆಡಿದ್ದನ್ನು ಪ್ರಾಪರ್ಟಿಯವನ ಕಣ್ಣಿನಿಂದ ನೋಡಿ.

ಆಲ್ಬಮ್ಮಿನಲ್ಲಿ ‘ಬ್ಯಾಲಡ್ ಆಫ್ ಡ್ವೈಟ್ ಫ್ರೈ’ ಎಂಬ ಹಾಡಿದೆ. 1931ರ ‘ಡ್ರಾಕುಲಾ’ ಚಿತ್ರದಲ್ಲಿ ಹುಚ್ಚನ ಪಾತ್ರ ಮಾಡಿದ್ದ ನಟ ಡ್ವೈಟ್ ಫ್ರೈ ಹೆಸರಿನ ಹಾಡು. ರೆಕಾರ್ಡಿಂಗ್ ಸಮಯದಲ್ಲಿ ಉಸಿರುಕಟ್ಟುವ ಅನುಭವ ದನಿಯಲ್ಲಿ ಬರಲೆಂದು ಎಜ್ರಿನ್ ಗಾಯಕನನ್ನು ನೆಲಕ್ಕೆ ಮಲಗಿಸಿ ಸುತ್ತ ಕಬ್ಬಿಣದ ಕುರ್ಚಿಗಳನ್ನು ಒಟ್ಟಿದ್ದನಂತೆ. ರಂಗದ ಮೇಲೆ ಆ ಹಾಡು ಬಂದಾಗ ನರ್ಸಿನ ಬಿಳಿ ಉಡುಪಿನ ಹೆಣ್ಣೊಬ್ಬಳು ಬಂದು ಗಾಯಕನನ್ನು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ವಾದ್ಯ ನಿಲ್ಲುವಂತಿಲ್ಲ. ಎರಡನೆಯ ಚರಣ ಬರುವಷ್ಟರಲ್ಲಿ ಅವನು ಮತ್ತೆ ಹೊರಗೆ ಬರಬೇಕು, ಅದೂ ತೋಳುಗಳನ್ನು ಎದೆಗೆ ಬಿಗಿದು ಹಿಂದೆ ಪಟ್ಟಿ ಕಟ್ಟುವ ಹುಚ್ಚಾಸ್ಪತ್ರೆಯ ಅಂಗಿಯಲ್ಲಿ. ವೇಷ ಕಟ್ಟಿದವರಿಗೆ ಈ ಲೆಕ್ಕ ಗೊತ್ತು. ಬೆವರಿದ ಮೈ, ಮಂದ ಬೆಳಕು, ಹೊರಗೆ ಗಿಟಾರು ಕೂಗುತ್ತಿದೆ, ಹಿಂದಿನ ಪಟ್ಟಿಗಳನ್ನು ಒಂದೊಂದಾಗಿ ಬಕ್ಕಲ್ಲಿಗೆ ಹಾಕಬೇಕು. ಹೊರಗಿನವರಿಗೆ ಅವು ಬಿಗಿಯಾಗಿ ಕಾಣಬೇಕು, ಹಾಡಿನ ತುದಿಯಲ್ಲಿ ಅವನು ಕಿತ್ತುಕೊಂಡಾಗ ಬಿಚ್ಚಿಕೊಳ್ಳಬೇಕು. ಒಂದು ಪಟ್ಟಿ ಹೆಚ್ಚು ಬಿಗಿದರೆ ದೃಶ್ಯ ಸತ್ತಿತು, ಸಡಿಲವಾದರೆ ಸುಳ್ಳು ಬಯಲಾಯಿತು.

ಆ ನರ್ಸಿನ ವೇಷ ಹಾಕಿದವರು ಸಿಂಡಿ ಸ್ಮಿತ್, ಡ್ರಮ್ ಬಾರಿಸುತ್ತಿದ್ದ ನೀಲ್‌ನ ತಂಗಿ. ತಂಡದ ಹೊಳೆಯುವ ಉಡುಪುಗಳನ್ನು ಹೊಲಿದವರೂ ಅವರೇ. ಮುಂದಿನ ಒಂದು ಪ್ರವಾಸದಲ್ಲಿ ದೊಡ್ಡ ಹಲ್ಲಿನ ವೇಷದಲ್ಲಿ ಕುಣಿದರು. ಬೇಸ್ ಗಿಟಾರಿನ ಡನ್‌ಅವೇ ಅವರನ್ನು ಮದುವೆಯಾದರು. ಈ ಸಭೆಯಲ್ಲಿ ಅವರ ಹೆಸರನ್ನು ಬಾಯ್ತುಂಬ ಹೇಳಬೇಕೆಂದೇ ನಾನು ಇಷ್ಟು ದೂರ ಬಂದೆ. ಐವರ ಮೈಮೇಲೆ ರಾತ್ರಿ ಮಿನುಗಿದ ಬಟ್ಟೆ, ಯಾರದೋ ಕೈಬೆರಳು ಸೂಜಿಗೆ ಸೋತು ಆದದ್ದು.

ಪ್ರದರ್ಶನದ ಕೊನೆಗೆ ಬರುತ್ತಿದ್ದುದು ವಿದ್ಯುತ್ ಕುರ್ಚಿ. ಹುಚ್ಚು, ಹಿಂಸೆ, ಬಂಡಾಯ ಎಲ್ಲವನ್ನೂ ಆಡಿದ ಪಾತ್ರವನ್ನು ಹಿಡಿದು ಆ ಕುರ್ಚಿಯಲ್ಲಿ ಕೂರಿಸಿ ಕೊಲ್ಲುತ್ತಿದ್ದರು. ಕಥೆಗೆ ಕೊನೆ ಸಿಕ್ಕಿತ್ತು. ಅದೇ ವರ್ಷ ನವೆಂಬರಿನಲ್ಲಿ ‘ಕಿಲ್ಲರ್’ ಆಲ್ಬಮ್ ಬಂದಾಗ ಕುರ್ಚಿಯ ಜಾಗಕ್ಕೆ ನೇಣುಗಂಬ ಬಂತು. ಆ ಪ್ರವಾಸದಲ್ಲಿ ಗಾಯಕ ಕೊಡಲಿಯಿಂದ ಗೊಂಬೆಮಕ್ಕಳನ್ನು ಕಡಿಯುತ್ತಿದ್ದ. ಅಷ್ಟನ್ನೇ ಕೇಳಿದವರಿಗೆ ಅಸಹ್ಯವಾಗುತ್ತದೆ, ಆಗಬೇಕು. ಆ ದೃಶ್ಯದ ಹಾಡು ಮಾತ್ರ ಮಗುವನ್ನು ಮರೆತ ತಂದೆತಾಯಿಗಳ ಬಗ್ಗೆ. ಮಗು ಮಾತ್ರೆ ನುಂಗಿ ಸಾಯುತ್ತದೆ, ನೋಡಿಕೊಳ್ಳುವವರಿಲ್ಲ. ಗೊಂಬೆ ಕಡಿದವನನ್ನು ಆಮೇಲೆ ಎಲ್ಲರೆದುರು ನೇಣಿಗೆ ಹಾಕುತ್ತಾರೆ. ತಪ್ಪು, ತೀರ್ಪು, ಸಾವು ಎಂಬ ಈ ಕ್ರಮ ಓಪನಿಂಗ್ ತಂಡದ ಅರ್ಧ ಗಂಟೆಯಲ್ಲಿ ಹುಟ್ಟುವಂತಿರಲಿಲ್ಲ.

ಇಲ್ಲಿ ಒಂದು ಸಂಗತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ವಿದ್ಯುತ್ ಕುರ್ಚಿ ಅಮೆರಿಕದ್ದೇ ಯಂತ್ರ. 1890ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್ ಜೈಲಿನಲ್ಲಿ ಮೊದಲು ಬಳಸಿದರು. ಅಮೆರಿಕದಲ್ಲಿ ಕೊನೆಯ ಬಹಿರಂಗ ಗಲ್ಲು ಆದದ್ದು 1936ರಲ್ಲಿ, ಕೆಂಟಕಿಯ ಓವೆನ್ಸ್‌ಬರೊ ಊರಿನಲ್ಲಿ. ಸಾವಿರಾರು ಜನ ನೋಡಲು ಸೇರಿದ್ದರು. ಆಮೇಲೆ ಮರಣದಂಡನೆ ಜೈಲಿನ ಗೋಡೆಯ ಒಳಕ್ಕೆ ಹೋಯಿತು. 1967ರ ಜೂನಿನಲ್ಲಿ ಕೊಲರಾಡೊದಲ್ಲಿ ಒಬ್ಬನನ್ನು ವಿಷಾನಿಲದಿಂದ ಕೊಂದ ಮೇಲೆ, ಮುಂದಿನ ಮರಣದಂಡನೆ ಆದದ್ದು 1977ರ ಜನವರಿಯಲ್ಲಿ, ಯೂಟಾದಲ್ಲಿ, ಗುಂಡಿಟ್ಟು. ನಡುವಿನ ಒಂಬತ್ತೂವರೆ ವರ್ಷ ಅಮೆರಿಕದಲ್ಲಿ ಒಬ್ಬ ಕೈದಿಯನ್ನೂ ಗಲ್ಲಿಗೇರಿಸಲಿಲ್ಲ. ನ್ಯಾಯಾಲಯಗಳಲ್ಲಿ ವಾದ ನಡೆಯುತ್ತಿತ್ತು. ಆಗಿನ ರೀತಿಯ ಮರಣದಂಡನೆ ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಫರ್ಮನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು 1972ರ ಜೂನ್ 29.

ಮರುದಿನ, ಜೂನ್ 30ರಂದು, ಆಲಿಸ್ ಕೂಪರ್ ತಂಡ ಲಂಡನ್ನಿನ ವೆಂಬ್ಲಿಯ ಎಂಪೈರ್ ಪೂಲ್ ಸಭಾಂಗಣದಲ್ಲಿ ಹಾಡಿತು.

ಈ ಎರಡು ತಾರೀಖುಗಳು ಪಕ್ಕಪಕ್ಕ ಬಂದದ್ದು ಕಾಕತಾಳೀಯ. ಆದರೆ ಅವುಗಳ ಹಿಂದಿನ ಸಂಗತಿ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಈ ಐವರು ಆಲಿಸ್ ಕೂಪರ್ ಎಂಬ ಹೆಸರಿನಲ್ಲಿ ಒಟ್ಟಿಗೆ ಇದ್ದದ್ದು 1968ರಿಂದ 1974ರವರೆಗೆ. ಸರ್ಕಾರ ತನ್ನ ಗಲ್ಲುಗಂಬವನ್ನು ಒಳಗಿಟ್ಟು ಬೀಗ ಹಾಕಿದ್ದ ವರ್ಷಗಳು ಅವು. ಅದೇ ಸರ್ಕಾರ ಹದಿನೆಂಟರ ಹುಡುಗರನ್ನು ಸಾಯಲು ದೂರದ ದೇಶಕ್ಕೆ ಕಳಿಸುತ್ತಲೂ ಇತ್ತು. ಸಾವು ಕಣ್ಣಿಗೆ ಬೀಳದ ಕಡೆ ನಡೆಯುತ್ತಿತ್ತು, ಟಿವಿಯಲ್ಲಿ ಅಂಕಿಯಾಗಿ ಬರುತ್ತಿತ್ತು. ಈ ತಂಡ ಅದನ್ನು ಮತ್ತೆ ಊರ ನಡುವೆ, ಎತ್ತರದ ಕಟ್ಟೆಯ ಮೇಲೆ, ಎಲ್ಲರೂ ನೋಡುವ ಹಾಗೆ ತಂದು ನಿಲ್ಲಿಸಿತು. ನೋಡಿದ ಹುಡುಗರು ಮನೆಗೆ ಹೋಗುವ ಮುನ್ನ ಸತ್ತವನು ಬಿಳಿ ಕೋಟು, ಬಿಳಿ ಎತ್ತರದ ಹ್ಯಾಟು ಹಾಕಿಕೊಂಡು ಮತ್ತೆ ಬಂದು ಹಾಡುವುದನ್ನೂ ನೋಡಿದರು. ವಿಯೆಟ್ನಾಂನಿಂದ ಪೆಟ್ಟಿಗೆಯಲ್ಲಿ ವಾಪಸಾದ ಅಣ್ಣಂದಿರ ಮನೆಗಳಿಂದ ಬಂದ ಹುಡುಗರೂ ಆ ಗುಂಪಿನಲ್ಲಿ ಇದ್ದಿರಲೇಬೇಕು. ಸತ್ತವನು ಎದ್ದು ಬರುವ ಆ ಗಳಿಗೆಯನ್ನು ಅವರು ಹೇಗೆ ನೋಡಿದರೋ ಎಂದು ಯೋಚಿಸಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಲಂಡನ್ನಿನ ಆ ಕಾರ್ಯಕ್ರಮಕ್ಕೆ ಟಿಕೆಟ್ ಓಡಿಸಲು ಶೆಪ್ ಗಾರ್ಡನ್ ಒಂದು ಉಪಾಯ ಹೂಡಿದ. ಮೈಗೆ ಹಾವೊಂದನ್ನೇ ಸುತ್ತಿಕೊಂಡ ಗಾಯಕನ ಭಾರೀ ಚಿತ್ರವನ್ನು ಲಾರಿಯ ಮೇಲೆ ಹೊರಿಸಿ, ಪಿಕಾಡಿಲಿ ಸರ್ಕಸ್ಸಿನ ನಟ್ಟನಡುವೆ ಲಾರಿ ಕೆಟ್ಟು ನಿಲ್ಲುವಂತೆ ಮಾಡಿದ. ನಗರದ ಸಂಚಾರ ನಿಂತಿತು, ಪತ್ರಿಕೆಗಳು ಬರೆದವು, ಸಭಾಂಗಣ ತುಂಬಿತು. ‘ಸ್ಕೂಲ್ಸ್ ಔಟ್’ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೇರಿ ವೈಟ್‌ಹೌಸ್ ಎಂಬ ಮಾಜಿ ಶಿಕ್ಷಕಿ, ಟಿವಿಯಲ್ಲಿನ ಅಶ್ಲೀಲತೆಯ ವಿರುದ್ಧ ಹೋರಾಡುತ್ತಿದ್ದವರು, ಆ ಹಾಡನ್ನು ಬಿಬಿಸಿ ತೋರಿಸಬಾರದೆಂದು ಪಟ್ಟುಹಿಡಿದರು. ಮರುವರ್ಷ ಸಂಸದ ಲಿಯೊ ಆಬ್ಸೆ, ಈ ತಂಡವನ್ನು ದೇಶದೊಳಗೆ ಬಿಡಬೇಡಿ ಎಂದು ಒತ್ತಾಯಿಸಿದರು. ಗಾಯಕ ವೈಟ್‌ಹೌಸ್ ಅವರಿಗೆ ಹೂವನ್ನೂ ಆಬ್ಸೆಯವರಿಗೆ ಚುಟ್ಟಾವನ್ನೂ ಕಳಿಸಿಕೊಟ್ಟ.

ಆಬ್ಸೆಯವರನ್ನು ಹಳೆಯ ಕಾಲದ ಮಡಿವಂತ ಎಂದು ತಳ್ಳಿಹಾಕುವುದು ಅನ್ಯಾಯ. 1967ರಲ್ಲಿ ಸಲಿಂಗ ಪ್ರೇಮವನ್ನು ಭಾಗಶಃ ಅಪರಾಧದ ಪಟ್ಟಿಯಿಂದ ತೆಗೆಸಿದ ಕಾನೂನಿನ ಹಿಂದೆ ಇದ್ದವರು ಅವರೇ. ಎಳೆಯ ಮಕ್ಕಳು ಸಾವನ್ನು ಆಟವೆಂದು ತಿಳಿದಾರು ಎಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ. ಕುಣಿಕೆ ಕಣ್ಣಿಗೆ ಕಾಣುತ್ತದೆ, ಅಂಗಿಯೊಳಗಿನ ಪಟ್ಟಿ ಕಾಣುವುದಿಲ್ಲ. ಹತ್ತು ವರ್ಷದ ಮಗುವಿಗೆ ಆ ಪಟ್ಟಿಯ ಬಗ್ಗೆ ಯಾರು ಹೇಳಬೇಕು? ನಮ್ಮ ನೇಣಿನ ನಾಟಕ ಶಾಲೆಗಳಿಗೆ ಹೋದಾಗ, ಆಟ ಮುಗಿದೊಡನೆ ನಾನು ರಂಗಕ್ಕೆ ಬಂದು ಮಕ್ಕಳಿಗೆ ಕೊಕ್ಕೆ, ಬಳೆ, ಪಟ್ಟಿ ಎಲ್ಲ ಬಿಚ್ಚಿ ತೋರಿಸುತ್ತಿದ್ದೆ. ಗುಟ್ಟು ಹೊರಗೆಡಹಿದೆ ಎಂದು ನಿರ್ದೇಶಕರು ಮುನಿಸಿಕೊಂಡದ್ದುಂಟು. ನಾನು ಮಾಡಿದ್ದು ಸರಿ ಎಂದೇ ಇವತ್ತಿಗೂ ನಂಬಿದ್ದೇನೆ. ಗಾಯಕ ಕಳಿಸಿದ ಚುಟ್ಟಾ ಆಬ್ಸೆಯವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

1973ರ ಹೊತ್ತಿಗೆ ತಂಡ ಉತ್ತುಂಗದಲ್ಲಿತ್ತು. ‘ಬಿಲಿಯನ್ ಡಾಲರ್ ಬೇಬೀಸ್’ ಆಲ್ಬಮ್ ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನ ಪಡೆಯಿತು. ಮಾರ್ಚಿನಿಂದ ಜೂನಿನವರೆಗೆ ಉತ್ತರ ಅಮೆರಿಕದ ಉದ್ದಗಲಕ್ಕೂ ಹೆಚ್ಚುಕಡಿಮೆ ದಿನಕ್ಕೊಂದು ಊರು. ಈ ಸಲ ನೇಣಿನ ಜಾಗದಲ್ಲಿ ಗಿಲೊಟಿನ್. ಅದನ್ನು ಸಿದ್ಧಪಡಿಸಿಕೊಟ್ಟವರು ಜಾದೂಗಾರ ಜೇಮ್ಸ್ ರ್‍ಯಾಂಡಿ. ಮುಂದೆ ಪವಾಡಪುರುಷರ ಗುಟ್ಟುಗಳನ್ನು ಬಯಲಿಗೆಳೆದು ಜಗತ್ತಿಗೆಲ್ಲ ಹೆಸರಾದ ರ್‍ಯಾಂಡಿ ಇವರೇ. ಪ್ರವಾಸದುದ್ದಕ್ಕೂ ತಂಡದೊಂದಿಗೆ ಇದ್ದು ದಂತವೈದ್ಯನ ವೇಷವನ್ನೂ ಕಟುಕನ ವೇಷವನ್ನೂ ಹಾಕಿದರು. ಅಲಗು ನಿಜವಾದದ್ದು, 40 ಪೌಂಡ್ ತೂಕದ್ದು, ತಲೆಗೆ ಕೆಲವೇ ಅಂಗುಲ ಅಂತರದಲ್ಲಿ ಬೀಳುತ್ತದೆ ಎಂದು ಗಾಯಕ ಅನೇಕ ಸಲ ಹೇಳಿದ್ದುಂಟು. ಯಂತ್ರ ಮಾಡಿದವನೇ ಕಟುಕನ ವೇಷದಲ್ಲಿ ಪಕ್ಕದಲ್ಲಿ ನಿಲ್ಲುವುದು ಎಷ್ಟು ಸರಿಯಾದ ವ್ಯವಸ್ಥೆ! ಅಂಗುಲಗಳ ಲೆಕ್ಕ ಗೊತ್ತಿರುವವನ ಕೈಯಲ್ಲೇ ಹಗ್ಗ.

ಕೊನೆಯಲ್ಲಿ ಅಧ್ಯಕ್ಷ ನಿಕ್ಸನ್ನರನ್ನು ಹೋಲುವ ಒಬ್ಬ ರಂಗಕ್ಕೆ ಬರುತ್ತಿದ್ದ, ತಂಡದವರು ಅವನನ್ನು ಥಳಿಸುತ್ತಿದ್ದರು. ವಾಟರ್‌ಗೇಟ್ ಹಗರಣ ಪತ್ರಿಕೆಗಳಲ್ಲಿ ದಿನದಿನವೂ ಬಿಚ್ಚಿಕೊಳ್ಳುತ್ತಿದ್ದ ತಿಂಗಳುಗಳು ಅವು.

ಇಷ್ಟು ದೊಡ್ಡದಾದದ್ದೇ ಐವರನ್ನು ಮುರಿಯಿತು. ಗ್ಲೆನ್ ಬಕ್ಸ್‌ಟನ್ ಆರೋಗ್ಯ ಕೆಟ್ಟಿತ್ತು. ಅವನ ಭಾರ ಹೊರಲು ಮಿಕ್ ಮ್ಯಾಷ್‌ಬಿರ್ ಎಂಬ ಇನ್ನೊಬ್ಬ ಗಿಟಾರಿಗನೂ ಪ್ರವಾಸದಲ್ಲಿದ್ದ. ಜನರ ಕಣ್ಣು ಸಾಯುವವನ ಮೇಲೆ. ಬಾರಿಸುವ ನಾಲ್ವರು ಬರಬರುತ್ತ ನೆರಳಿಗೆ ಸರಿದರು. 1975ರಲ್ಲಿ ಬಂದ ‘ವೆಲ್ಕಮ್ ಟು ಮೈ ನೈಟ್‌ಮೇರ್’ ಗಾಯಕನ ಒಂಟಿ ಆಲ್ಬಮ್. ತಂಡದ ಹೆಸರು ಅವನ ಹೆಸರಾಯಿತು, ಕಾನೂನಿನ ಕಾಗದದಲ್ಲಿಯೂ. ಬಕ್ಸ್‌ಟನ್ 1997ರಲ್ಲಿ ತೀರಿಕೊಂಡ. 2011ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮೂಲ ತಂಡವನ್ನು ಸೇರಿಸಿಕೊಂಡಾಗ, ವೇದಿಕೆಯಲ್ಲಿ ನಿಲ್ಲಲು ಉಳಿದವರು ನಾಲ್ವರು. ಇದನ್ನು ಓದಿದಾಗ ನನಗೆ ನಮ್ಮವರೇ ಯಾರೋ ನೆನಪಾದರು. ಮೇಲ್ಸಾಲಿನಲ್ಲಿ ಒಂದೇ ಹೆಸರಿಗೆ ಜಾಗ ಇರುವ ಪೋಸ್ಟರುಗಳನ್ನು ನಾನೂ ಅಂಟಿಸಿದ್ದೇನೆ.

ಅವರ ದಾರಿಯಲ್ಲಿ ಆಮೇಲೆ ಕಿಸ್, ಗ್ವಾರ್, ಮ್ಯಾರಿಲಿನ್ ಮ್ಯಾನ್ಸನ್ ಎಂದು ಎಷ್ಟೋ ತಂಡಗಳು ಬಂದವು. ಆ ಚರಿತ್ರೆಯನ್ನು ಹೇಳಬಲ್ಲವರು ಬೇರೆ ಇದ್ದಾರೆ. ನಾನು ಮತ್ತೆ ನನ್ನ ಹಗ್ಗಕ್ಕೆ ಬರುತ್ತೇನೆ.

ನೇಣಿನ ದೃಶ್ಯದಲ್ಲಿ ಕೂಪರ್ ಬಳಸುತ್ತಿದ್ದದ್ದು ಬೆನ್ನಿನ ಪಟ್ಟಿಗೆ ಸಿಕ್ಕಿಸಿದ ಒಂದು ಸಣ್ಣ ತಂತಿ, ಪಿಯಾನೊದೊಳಗೆ ಇರುತ್ತದಲ್ಲ, ಅಂಥದು. ದೂರಕ್ಕೆ ಕಾಣುವುದಿಲ್ಲ. ಕುಣಿಕೆ ಕೊರಳನ್ನು ಬಿಗಿಯುವುದಕ್ಕೆ ಮುಂಚೆ ತಂತಿ ಮೈಯನ್ನು ತಡೆದು ನಿಲ್ಲಿಸಬೇಕು. 1988ರಲ್ಲಿ ಲಂಡನ್ನಿನಲ್ಲಿ ತಾಲೀಮು ನಡೆಯುತ್ತಿದ್ದಾಗ ಆ ತಂತಿ ತುಂಡಾಯಿತು. ಗದ್ದವನ್ನು ಕುಣಿಕೆಯಿಂದ ಆಚೆಗೆ ಚಿಮ್ಮಿಸಿಕೊಂಡದ್ದರಿಂದ ಬದುಕಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕಾರಣವನ್ನೂ ಹೇಳಿದ್ದಾರೆ: ವರ್ಷಗಟ್ಟಲೆ ತಂತಿ ಬದಲಿಸಿರಲಿಲ್ಲ. ನೂರಾರು ರಾತ್ರಿ ಹಿಡಿದ ತಂತಿ ಇನ್ನೂ ಹಿಡಿದೀತು ಎಂಬ ನೆಚ್ಚಿಕೆ.

ಲೋಹಕ್ಕೆ ದಣಿವಿದೆ. ಬಗ್ಗಿದ ಕಡೆಯೇ ಮತ್ತೆ ಮತ್ತೆ ಬಗ್ಗಿದರೆ ಒಳಗೆ ಕೂದಲೆಳೆಯ ಬಿರುಕು ಬಿಡುತ್ತದೆ. ಹೊರಗೆ ಹೊಳಪು ಹಾಗೇ ಇರುತ್ತದೆ, ಭಾರ ಬಿದ್ದ ದಿನ ಒಮ್ಮೆಗೇ ಹೋಗುತ್ತದೆ. ಹಗ್ಗ ಹಾಗಲ್ಲ. ಹಗ್ಗ ಮೊದಲು ನಾರು ಬಿಡುತ್ತದೆ, ಬೆರಳಾಡಿಸಿದರೆ ಮುಳ್ಳು ಮುಳ್ಳಾಗಿ ಹೇಳಿಕೊಡುತ್ತದೆ. ಅದಕ್ಕೇ ನಾನು ಕೊನೆಯವರೆಗೂ ತಂತಿಗೆ ಹೋಗಲಿಲ್ಲ, ದೂರಕ್ಕೆ ಸ್ವಲ್ಪ ಕಂಡರೂ ಚಿಂತೆಯಿಲ್ಲ ಎಂದು ಕಪ್ಪು ಹಗ್ಗದಲ್ಲೇ ಉಳಿದೆ. ಮೊದಲು ಹೇಳಿದ ಆ ಸಂಜೆಯ ಮೇಲೆ ಒಂದು ಪದ್ಧತಿ ಮಾಡಿಕೊಂಡೆವು. ಪ್ರತಿ ಆಟಕ್ಕೂ ಮುಂಚೆ ನಟನ ತೂಕದ ಮರಳುಚೀಲವನ್ನು ಮೂರು ಸಲ ಬೀಳಿಸಿ ನೋಡುವುದು. ಕೊಕ್ಕೆ ಹಾಕುವವನೊಬ್ಬ, ಹಾಕಿದ್ದನ್ನು ಕೈಯಿಂದ ಎಳೆದು ನೋಡುವವನು ಇನ್ನೊಬ್ಬ. ಕಾವಲುಗಾರನ ವೇಷದ ಆ ಹುಡುಗನೇ ಎಷ್ಟೋ ವರ್ಷ ಆ ಎರಡನೆಯವನಾಗಿದ್ದ. ಆ ಹಗ್ಗಗಳು ಈಗಲೂ ನನ್ನ ಟ್ರಂಕಿನಲ್ಲಿವೆ. ಪ್ರತಿಯೊಂದರ ತುದಿಗೂ ಒಂದು ಬಿಳಿ ಬಟ್ಟೆಯ ಚೂರು ಹೊಲಿದಿದೆ. ಅದರ ಮೇಲೆ ಅಳಿಸದ ಮಸಿಯಲ್ಲಿ ಮರಳುಚೀಲ ಬೀಳಿಸಿದ ತಾರೀಖು, ಕೆಳಗೆ ನಮ್ಮಿಬ್ಬರ ಸಹಿ.